ಕೆನಡಾದ ಸಂಸತ್ತು ಕಂಪ್ಯೂಟರಿಗೆ ಭಾಷೆ ಕಲಿಸಿದ ಕಥೆ

ನಮ್ಮ ಸಂಘದ ಸದಸ್ಯರ ಮನೆಗಳಲ್ಲಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿರುವ ಮಕ್ಕಳು ಈಗ ಬಹಳ ಮಂದಿ ಇದ್ದಾರೆ. ಅವರಲ್ಲಿ ಕಂಪ್ಯೂಟರ್ ಸೈನ್ಸ್ ಓದುವವರ ಸಂಖ್ಯೆಯೇ ಹೆಚ್ಚು ಎಂದರೆ ತಪ್ಪಾಗಲಾರದು. ಇವರಲ್ಲಿ ಯಾರಾದರೂ ಈ ಸಲ "ಕಂಪ್ಯುಟೇಷನಲ್ ಲಿಂಗ್ವಿಸ್ಟಿಕ್ಸ್" ಎಂಬ ಪಾಠವನ್ನು ಆರಿಸಿಕೊಂಡಿದ್ದೇನೆ ಎಂದಾಗ, ಇದೇನು ವ್ಯಾಕರಣವೋ ಗಣಿತವೋ ಎಂದು ಹಿರಿಯರು ಕೇಳುವುದು ಸಹಜ. ಎರಡೂ ಹೌದು. ಕನ್ನಡದಲ್ಲಿ ಇದನ್ನು ಗಣಕ ಭಾಷಾವಿಜ್ಞಾನ ಎನ್ನಬಹುದು. ಮನುಷ್ಯರು ಆಡುವ, ಬರೆಯುವ ಭಾಷೆಯನ್ನು ಕಂಪ್ಯೂಟರ್ ಹೇಗೆ ನಿಭಾಯಿಸಬಲ್ಲದು ಎಂಬುದನ್ನು ತಿಳಿಸುವ ಶಾಸ್ತ್ರವಿದು. ಅನುವಾದ, ಮಾತನ್ನು ಬರಹಕ್ಕಿಳಿಸುವುದು, ಕಾಗುಣಿತ ತಿದ್ದುವುದು, ಈಚೆಗೆ ಎಲ್ಲರ ಬಾಯಲ್ಲಿರುವ ಮಾತಾಡುವ ಯಂತ್ರಗಳು ಎಲ್ಲವೂ ಇದರ ಮಕ್ಕಳೇ.

ಈ ಶಾಸ್ತ್ರದ ಚರಿತ್ರೆಯಲ್ಲಿ ನಾವು ನೆಲೆಸಿರುವ ಕೆನಡಾ ದೇಶಕ್ಕೆ ಒಂದು ವಿಶೇಷ ಸ್ಥಾನವಿದೆ. ಅದು ಇಲ್ಲಿಯೇ ಬೆಳೆದ ನಮ್ಮ ಮಕ್ಕಳಲ್ಲೂ ಹೆಚ್ಚು ಮಂದಿಗೆ ಗೊತ್ತಿಲ್ಲ. ಅದನ್ನು ತಿಳಿಸುವುದು ಈ ಲೇಖನದ ಉದ್ದೇಶ. ಕಥೆಯ ಕೊನೆಯಲ್ಲಿ ಕನ್ನಡಕ್ಕೂ ಒಂದು ಪಾಠವಿದೆ.

ತೊಡಕು ಎಲ್ಲಿದೆ?

"ಹತ್ತು ಮೆಟ್ಟಿಲು ಹತ್ತು" ಎಂದು ತಾಯಿ ಮಗುವಿಗೆ ಹೇಳುತ್ತಾಳೆ. ಮಗು ಹತ್ತುತ್ತದೆ. ಒಂದೇ ಪದ ಒಮ್ಮೆ ಸಂಖ್ಯೆಯಾಗಿ, ಒಮ್ಮೆ ಕ್ರಿಯಾಪದವಾಗಿ ಬಂದಿದೆ ಎಂಬುದು ಅದರ ಗಮನಕ್ಕೂ ಬರುವುದಿಲ್ಲ. ಕಂಪ್ಯೂಟರಿಗೆ ಎರಡೂ ಒಂದೇ ಅಕ್ಷರಗಳ ಸಾಲು. ಯಾವುದು ಯಾವ ಅರ್ಥದಲ್ಲಿ ಬಂದಿದೆ ಎಂದು ಅದಕ್ಕೆ ಯಾರಾದರೂ ತಿಳಿಸಿಕೊಡಬೇಕು. ಹೀಗೆ ತಿಳಿಸಿಕೊಡಲು ಎರಡು ದಾರಿಗಳಿವೆ. ಒಂದು, ಪಂಡಿತರು ಕುಳಿತು ವ್ಯಾಕರಣದ ನಿಯಮಗಳನ್ನು ಬರೆದು ಯಂತ್ರಕ್ಕೆ ಒಪ್ಪಿಸುವುದು. ಇನ್ನೊಂದು, ಜನ ಈಗಾಗಲೇ ಬರೆದಿಟ್ಟಿರುವ ಲಕ್ಷಾಂತರ ವಾಕ್ಯಗಳನ್ನು ಯಂತ್ರದ ಮುಂದಿಟ್ಟು, ಅದೇ ಲೆಕ್ಕ ಹಾಕಿ ಕಂಡುಕೊಳ್ಳಲಿ ಎಂದು ಬಿಡುವುದು. ಎಪ್ಪತ್ತು ವರ್ಷಕ್ಕೂ ಮಿಕ್ಕಿದ ಈ ಶಾಸ್ತ್ರದ ಚರಿತ್ರೆಯೆಂದರೆ ಮುಖ್ಯವಾಗಿ ಈ ಎರಡು ದಾರಿಗಳ ನಡುವಿನ ಜಗ್ಗಾಟ.

ಮೊದಲ ಉತ್ಸಾಹ, ಮೊದಲ ಪೆಟ್ಟು

ಎರಡನೆಯ ಮಹಾಯುದ್ಧದಲ್ಲಿ ಶತ್ರುಗಳ ಗುಪ್ತಲಿಪಿಯನ್ನು ಬಿಡಿಸಲು ಗಣಿತಜ್ಞರೂ ಯಂತ್ರಗಳೂ ನೆರವಾದ ಸಂಗತಿ ಎಲ್ಲರಿಗೂ ಗೊತ್ತು. ಯುದ್ಧ ಮುಗಿದ ಮೇಲೆ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದಲ್ಲಿದ್ದ ಗಣಿತಜ್ಞ ವಾರೆನ್ ವೀವರ್ ಅವರಿಗೆ ಒಂದು ಯೋಚನೆ ಬಂತು. ರಷ್ಯನ್ ಭಾಷೆಯ ಲೇಖನವನ್ನು ಒಂದು ಬಗೆಯ ಗುಪ್ತಲಿಪಿ ಎಂದೇ ಭಾವಿಸಿ, ಗುಪ್ತಲಿಪಿ ಬಿಡಿಸಿದ ಹಾಗೆಯೇ ಅದನ್ನು ಇಂಗ್ಲಿಷಿಗೆ ಬಿಡಿಸಬಾರದೇಕೆ? 1947ರಲ್ಲಿ ಇದನ್ನವರು ನಾರ್ಬರ್ಟ್ ವೀನರ್ ಅವರಿಗೆ ಪತ್ರದಲ್ಲಿ ಬರೆದರು. ವೀನರ್ ಉತ್ಸಾಹ ತೋರಲಿಲ್ಲ. ವೀವರ್ ಬಿಡದೆ 1949ರ ಜುಲೈಯಲ್ಲಿ ಒಂದು ಟಿಪ್ಪಣಿ ಬರೆದು ಪರಿಚಿತ ವಿದ್ವಾಂಸರಿಗೆ ಹಂಚಿದರು. ಯಂತ್ರಾನುವಾದದ ಸಂಶೋಧನೆ ಅಮೆರಿಕದಲ್ಲಿ ಹಬ್ಬಿದ್ದು ಆ ಟಿಪ್ಪಣಿಯಿಂದ.

1954ರ ಜನವರಿ 7ರಂದು ನ್ಯೂಯಾರ್ಕಿನಲ್ಲಿ ಐ.ಬಿ.ಎಂ. ಮತ್ತು ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಸೇರಿ ಒಂದು ಪ್ರದರ್ಶನ ಏರ್ಪಡಿಸಿದವು. ಐ.ಬಿ.ಎಂ. 701 ಎಂಬ ಕಂಪ್ಯೂಟರ್ ಅರವತ್ತಕ್ಕೂ ಹೆಚ್ಚು ರಷ್ಯನ್ ವಾಕ್ಯಗಳನ್ನು ಇಂಗ್ಲಿಷಿಗೆ ಅನುವಾದಿಸಿತು. ರಷ್ಯನ್ ಗೊತ್ತಿಲ್ಲದವರೇ ವಾಕ್ಯಗಳನ್ನು ಕಾರ್ಡುಗಳಲ್ಲಿ ತೂತು ಹೊಡೆದು ಒಳಕ್ಕೆ ತಳ್ಳಿದ್ದರು. ಪತ್ರಿಕೆಗಳು ಹಾಡಿ ಹೊಗಳಿದವು. ಜಾರ್ಜ್‌ಟೌನಿನ ಲಿಯಾನ್ ದೊಸ್ತರ್ ಅವರು ಮೂರರಿಂದ ಐದು ವರ್ಷಗಳಲ್ಲಿ ಇದು ಕಾರ್ಯರೂಪಕ್ಕೆ ಬರಬಹುದೆಂದರು. ಆದರೆ ಆ ಯಂತ್ರಕ್ಕೆ ಗೊತ್ತಿದ್ದುದು ಕೇವಲ 250 ಪದಗಳು, 6 ವ್ಯಾಕರಣ ನಿಯಮಗಳು! ವಾಕ್ಯಗಳನ್ನೂ ಮೊದಲೇ ಜೋಪಾನವಾಗಿ ಆರಿಸಿಡಲಾಗಿತ್ತು.

ನಿಯಮ ಆರರಿಂದ ಅರವತ್ತಾಯಿತು, ಆರುನೂರಾಯಿತು. ಒಂದು ನಿಯಮ ಸೇರಿಸಿದರೆ ಇನ್ನೊಂದು ಮುರಿಯುತ್ತಿತ್ತು. ಯಂತ್ರಾನುವಾದವನ್ನೇ ವೃತ್ತಿಯಾಗಿ ಕೈಗೊಂಡ ಮೊದಲಿಗರಾದ ಯೆಹೋಶುವಾ ಬಾರ್-ಹಿಲೆಲ್ ಅವರೇ 1960ರಲ್ಲಿ ಒಂದು ಮಾತು ಹೇಳಿದರು. ಲೋಕಜ್ಞಾನವಿಲ್ಲದ ಯಂತ್ರ ಮನುಷ್ಯರ ಹಾಗೆ ನಿಖರವಾಗಿ ಅನುವಾದಿಸುವುದು ಆಗದ ಕೆಲಸ ಎಂಬುದು ಅವರ ವಾದವಾಗಿತ್ತು. ಕೊನೆಗೆ ಅಮೆರಿಕ ಸರ್ಕಾರ 1964ರಲ್ಲಿ ಒಂದು ಸಮಿತಿ ನೇಮಿಸಿತು. ಬೆಲ್ ಲ್ಯಾಬ್ಸ್‌ನ ಜಾನ್ ಪಿಯರ್ಸ್ ಅದರ ಅಧ್ಯಕ್ಷರು. 1966ರಲ್ಲಿ ಬಂದ ಅದರ ವರದಿ "ಆಲ್ಪ್ಯಾಕ್ ವರದಿ" ಎಂದೇ ಪ್ರಸಿದ್ಧ. ಯಂತ್ರಾನುವಾದ ಮನುಷ್ಯರ ಅನುವಾದಕ್ಕಿಂತ ನಿಧಾನ, ತಪ್ಪು ಜಾಸ್ತಿ, ಖರ್ಚು ಎರಡು ಪಟ್ಟು ಎಂಬುದು ಅದರ ತೀರ್ಪು. ಸರ್ಕಾರದ ಹಣ ನಿಂತುಹೋಯಿತು. ಎಷ್ಟೋ ಪ್ರಯೋಗಶಾಲೆಗಳು ಬಾಗಿಲು ಹಾಕಿದವು.

ಇಲ್ಲಿ ಒಂದು ಸ್ವಾರಸ್ಯವಿದೆ. ಅನುವಾದಕ್ಕೆ ಹಣ ಬೇಡವೆಂದ ಅದೇ ಸಮಿತಿ, ಭಾಷೆಯನ್ನು ಕಂಪ್ಯೂಟರಿನಿಂದ ಅಧ್ಯಯನ ಮಾಡುವ ಮೂಲಭೂತ ಶಾಸ್ತ್ರಕ್ಕೆ ಬೆಂಬಲ ಕೊಡಬೇಕೆಂದಿತು. ಆ ಶಾಸ್ತ್ರಕ್ಕೆ ಕಂಪ್ಯುಟೇಷನಲ್ ಲಿಂಗ್ವಿಸ್ಟಿಕ್ಸ್ ಎಂಬ ಹೆಸರು ಬಳಕೆಗೆ ಬಂದುದು ಡೇವಿಡ್ ಹೇಸ್ ಅವರಿಂದ. ಅವರೂ ಈ ಸಮಿತಿಯ ಸದಸ್ಯರಾಗಿದ್ದರು. 1962ರಲ್ಲಿ ಸ್ಥಾಪನೆಯಾದ ವಿದ್ವಾಂಸರ ಸಂಘದ ಹೆಸರಿನಲ್ಲಿ "ಯಂತ್ರಾನುವಾದ" ಎಂಬ ಪದವೂ ಇತ್ತು. 1968ರಲ್ಲಿ ಅದನ್ನು ಕೈಬಿಟ್ಟರು. ಆ ಪದಕ್ಕೆ ಅಷ್ಟು ಕೆಟ್ಟ ಹೆಸರು ಬಂದಿತ್ತು!

ಕೆನಡಾಕ್ಕೆ ಬೇರೆ ಗತಿಯಿರಲಿಲ್ಲ

ಅಮೆರಿಕಕ್ಕೆ ರಷ್ಯನ್ ಅನುವಾದ ಶೀತಲ ಸಮರದ ಒಂದು ಅನುಕೂಲವಾಗಿತ್ತು, ಅಷ್ಟೆ. ಕೆನಡಾಕ್ಕೆ ಅನುವಾದವೆಂದರೆ ಸಂಸಾರ ನಡೆಸುವ ಪ್ರಶ್ನೆ. 1867ರಲ್ಲಿ ಈ ದೇಶ ಹುಟ್ಟಿದಾಗಲೇ ಅದರ ಸಂವಿಧಾನದ 133ನೆಯ ವಿಧಿ ಒಂದು ಕಟ್ಟಳೆ ಮಾಡಿತ್ತು. ಸಂಸತ್ತಿನಲ್ಲಿ ಸದಸ್ಯರು ಇಂಗ್ಲಿಷ್ ಅಥವಾ ಫ್ರೆಂಚ್ ಯಾವುದರಲ್ಲಾದರೂ ಮಾತಾಡಬಹುದು. ಸಂಸತ್ತಿನ ದಾಖಲೆಗಳೂ ಕಾಯಿದೆಗಳೂ ಎರಡೂ ಭಾಷೆಗಳಲ್ಲಿರಬೇಕು. 1934ರಲ್ಲಿ ಕೇಂದ್ರ ಸರ್ಕಾರದ ಅನುವಾದ ಇಲಾಖೆ ಸ್ಥಾಪನೆಯಾಯಿತು. 1959ರಲ್ಲಿ ಸಂಸತ್ತಿನೊಳಗೆ ಮಾತನ್ನು ಕೂಡಲೇ ಇನ್ನೊಂದು ಭಾಷೆಯಲ್ಲಿ ಕಿವಿಗೆ ಕೇಳಿಸುವ ಏರ್ಪಾಡು ಬಂತು.

ಆದರೂ ಫ್ರೆಂಚ್ ಭಾಷಿಕರಿಗೆ ಸರ್ಕಾರಿ ಕಚೇರಿಗಳಲ್ಲಿ ಎರಡನೆಯ ದರ್ಜೆಯೇ ಸಿಗುತ್ತಿತ್ತು. 1960ರ ದಶಕದಲ್ಲಿ ಕ್ಯೂಬೆಕ್‌ನಲ್ಲಿ ಎದ್ದ ಅಸಮಾಧಾನ ದೇಶ ಒಡೆಯುವ ಭಯ ಹುಟ್ಟಿಸಿತು. ಪ್ರಧಾನಿ ಲೆಸ್ಟರ್ ಪಿಯರ್ಸನ್ 1963ರಲ್ಲಿ ದ್ವಿಭಾಷೆಯ ಬಗ್ಗೆ ಆಯೋಗ ನೇಮಿಸಿದರು. ಪಿಯರ್ ಟ್ರುಡೊ ಅವರ ಕಾಲದಲ್ಲಿ, 1969ರಲ್ಲಿ, ಅಧಿಕೃತ ಭಾಷೆಗಳ ಕಾಯಿದೆ ಬಂತು. ಕೇಂದ್ರ ಸರ್ಕಾರದ ಸೇವೆ ಎರಡೂ ಭಾಷೆಗಳಲ್ಲಿ ದೊರೆಯಬೇಕು ಎಂಬುದು ಕಾನೂನಾಯಿತು. ಅನುವಾದದ ಹೊರೆ ಬೆಟ್ಟದಂತೆ ಬೆಳೆಯಿತು. ಆಲ್ಪ್ಯಾಕ್ ವರದಿ ಏನೇ ಹೇಳಲಿ, ಕೆನಡಾಕ್ಕೆ ಯಂತ್ರದ ಆಸೆ ಬಿಡುವಂತಿರಲಿಲ್ಲ.

ಮಾಂಟ್ರಿಯಲ್ ವಿಶ್ವವಿದ್ಯಾಲಯದಲ್ಲಿ 1965ರಿಂದಲೇ ಈ ಕೆಲಸ ನಡೆದಿತ್ತು. ಅದೇ ಮುಂದೆ "ಟೌಮ್" ಎಂಬ ತಂಡವಾಯಿತು. ಕೆಲಕಾಲ ಅದರ ನೇತೃತ್ವ ವಹಿಸಿದ ಫ್ರೆಂಚ್ ವಿಜ್ಞಾನಿ ಅಲೇನ್ ಕೋಲ್ಮೆರೋರ್ ಅನುವಾದಕ್ಕೆಂದು ಒಂದು ಬರವಣಿಗೆಯ ಕ್ರಮ ರೂಪಿಸಿದರು. ಅವರು ಫ್ರಾನ್ಸಿಗೆ ಮರಳಿದ ಮೇಲೆ, 1972ರಲ್ಲಿ, ಇದೇ ಅನುಭವದ ಬಲದಿಂದ "ಪ್ರೊಲಾಗ್" ಎಂಬ ಕಂಪ್ಯೂಟರ್ ಭಾಷೆ ಹುಟ್ಟಿತು. ಕಂಪ್ಯೂಟರ್ ಓದಿದವರಿಗೆ ಈ ಹೆಸರು ಪರಿಚಿತ. ಅದರ ಬೇರು ಮಾಂಟ್ರಿಯಲಿನ ಅನುವಾದದ ಕೋಣೆಯಲ್ಲಿದೆ ಎಂಬುದು ಅಷ್ಟು ಪರಿಚಿತವಲ್ಲ.

ಟೌಮ್ ತಂಡದ ದೊಡ್ಡ ಗೆಲುವೆಂದರೆ "ಮೆಟೆಯೊ". ಹವಾಮಾನ ವರದಿಗಳನ್ನು ಇಂಗ್ಲಿಷಿನಿಂದ ಫ್ರೆಂಚಿಗೆ ತರುವ ಕೆಲಸ ಅನುವಾದಕರಿಗೆ ಬೇಸರ ತರುತ್ತಿತ್ತು. ನಾಳೆ ಮೋಡ, ಮಧ್ಯಾಹ್ನ ಹಿಮ, ಗಾಳಿ ವಾಯುವ್ಯದಿಂದ ಎಂದು ದಿನವೂ ಅದದೇ ಮಾತು. ಹೆಚ್ಚು ದಿನ ಯಾರೂ ಆ ಕೆಲಸದಲ್ಲಿ ನಿಲ್ಲುತ್ತಿರಲಿಲ್ಲ. ಮನುಷ್ಯರಿಗೆ ಬೇಸರವಾದದ್ದೇ ಯಂತ್ರಕ್ಕೆ ಅನುಕೂಲವಾಯಿತು. ಪದಗಳು ಕಡಿಮೆ, ವಾಕ್ಯದ ಅಚ್ಚುಗಳು ಕಡಿಮೆ. 1977ರಲ್ಲಿ ಕೆಲಸ ಶುರುಮಾಡಿದ ಮೆಟೆಯೊ, ತನಗೆ ತಿಳಿಯದ ವಾಕ್ಯ ಬಂದರೆ ಅದನ್ನು ಮನುಷ್ಯರಿಗೆ ದಾಟಿಸುತ್ತಿತ್ತು. ಬರಬರುತ್ತಾ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ವಾಕ್ಯಗಳನ್ನು ತಾನೇ ಪೂರೈಸುವ ಮಟ್ಟಕ್ಕೆ ಬಂತು. 2001ರವರೆಗೆ ಅದು ದುಡಿಯಿತು.

ಈ ಹುಮ್ಮಸ್ಸಿನಲ್ಲಿ ಅದೇ ತಂಡ ವಿಮಾನ ದುರಸ್ತಿಯ ಕೈಪಿಡಿಗಳ ಅನುವಾದಕ್ಕೆ ಕೈಹಾಕಿತು. ಅಲ್ಲಿ ಪದಗಳು ಸಾವಿರಾರು, ವಾಕ್ಯಗಳು ಉದ್ದುದ್ದ. ನಿಯಮಗಳನ್ನೂ ನಿಘಂಟನ್ನೂ ಕೈಯಿಂದ ಬರೆದು ಮುಗಿಸುವ ಖರ್ಚು ಸರ್ಕಾರಕ್ಕೆ ಹೊರೆಯಾಯಿತು. 1981ರಲ್ಲಿ ಯೋಜನೆ ನಿಂತಿತು. ನಿಯಮದ ದಾರಿ ಪುಟ್ಟ ಅಂಗಳದಲ್ಲಿ ಚೆನ್ನಾಗಿ ಸಾಗುತ್ತದೆ, ಬಯಲಿಗೆ ಬಂದರೆ ದಾರಿ ತಪ್ಪುತ್ತದೆ ಎಂಬುದು ಆಗ ಮನದಟ್ಟಾಯಿತು.

ಲೆಕ್ಕದ ದಾರಿ

ಇತ್ತ ನ್ಯೂಯಾರ್ಕ್ ರಾಜ್ಯದ ಯಾರ್ಕ್‌ಟೌನ್ ಹೈಟ್ಸ್‌ನಲ್ಲಿರುವ ಐ.ಬಿ.ಎಂ. ಸಂಶೋಧನಾ ಕೇಂದ್ರಕ್ಕೆ 1972ರಲ್ಲಿ ಫ್ರೆಡ್ ಜೆಲಿನೆಕ್ ಎಂಬುವರು ಬಂದರು. ಚೆಕೊಸ್ಲೊವಾಕಿಯಾದಲ್ಲಿ 1932ರಲ್ಲಿ ಹುಟ್ಟಿದವರು. ಅವರ ಯೆಹೂದಿ ತಂದೆ ನಾಜಿಗಳ ಬಂಧನ ಶಿಬಿರದಲ್ಲಿ ತೀರಿಕೊಂಡರು. ಜೆಲಿನೆಕ್ 1949ರಲ್ಲಿ ಅಮೆರಿಕಕ್ಕೆ ವಲಸೆ ಬಂದು ಎಂ.ಐ.ಟಿ.ಯಲ್ಲಿ ಓದಿದರು. ಅಲ್ಲಿ ನೋಮ್ ಚಾಮ್ಸ್ಕಿ ಅವರ ತರಗತಿಗಳಲ್ಲಿ ಕುಳಿತು ಭಾಷಾಶಾಸ್ತ್ರಕ್ಕೆ ಮನಸೋತರೂ ಗುರುಗಳ ಮಾತಿನಂತೆ ಮಾಹಿತಿ ಸಿದ್ಧಾಂತ ಎಂಬ ಗಣಿತದ ಶಾಖೆಯಲ್ಲೇ ಉಳಿದರು. ಐ.ಬಿ.ಎಂ.ನಲ್ಲಿ ಅವರ ತಂಡ ಮಾತನ್ನು ಬರಹಕ್ಕಿಳಿಸುವ ಯಂತ್ರದ ಕೆಲಸ ಹಿಡಿಯಿತು.

ಅವರ ವಿಧಾನವನ್ನು ಒಂದು ಕನ್ನಡ ಉದಾಹರಣೆಯಿಂದ ನೋಡೋಣ. ಗದ್ದಲದಲ್ಲಿ ಯಾರೋ ಹೇಳಿದ ಮಾತು "ಬಿಸಿ ಕಾಫಿ ಕುಡಿದೆ" ಎಂದೂ ಕೇಳಬಹುದು, "ಬಿಸಿ ಕಾಫಿ ಕಡಿದೆ" ಎಂದೂ ಕೇಳಬಹುದು. ಕಾಫಿಯನ್ನು ಯಾರೂ ಕಡಿಯುವುದಿಲ್ಲ ಎಂದು ಯಂತ್ರಕ್ಕೆ ನಿಯಮ ಬರೆದು ಕೊಡಬೇಕಾಗಿಲ್ಲ. ಲಕ್ಷಾಂತರ ವಾಕ್ಯಗಳನ್ನು ಎಣಿಸಿದರೆ "ಕಾಫಿ" ಪಕ್ಕ "ಕುಡಿ" ಎಷ್ಟು ಸಲ, "ಕಡಿ" ಎಷ್ಟು ಸಲ ಬರುತ್ತದೆ ಎಂಬ ಲೆಕ್ಕ ಸಿಗುತ್ತದೆ. ಹೆಚ್ಚು ಸಂಭವನೀಯವಾದದ್ದನ್ನು ಯಂತ್ರ ಆರಿಸುತ್ತದೆ. ಅಷ್ಟೇ ಗುಟ್ಟು. ವ್ಯಾಕರಣ ಗೊತ್ತಿಲ್ಲದೆ, ಬರೀ ಎಣಿಕೆಯಿಂದ ಇಷ್ಟು ಸಾಧ್ಯವಾಯಿತು.

1980ರ ದಶಕದ ಕೊನೆಗೆ ಈ ತಂಡದ ಪೀಟರ್ ಬ್ರೌನ್, ರಾಬರ್ಟ್ ಮರ್ಸರ್, ಡೆಲ್ಲಾ ಪಿಯೆತ್ರಾ ಸಹೋದರರು ಮತ್ತಿತರರು ಅನುವಾದಕ್ಕೂ ಇದೇ ಲೆಕ್ಕ ಹಚ್ಚಬಹುದೆಂದು ಹೊರಟರು. ವೀವರ್ ಅವರ ಗುಪ್ತಲಿಪಿಯ ಹಳೆಯ ಕನಸು ನಲವತ್ತು ವರ್ಷಗಳ ಮೇಲೆ ಮತ್ತೆ ಎದ್ದುಬಂತು. ಆದರೆ ಅದಕ್ಕೆ ಒಂದೇ ವಿಷಯ ಎರಡು ಭಾಷೆಗಳಲ್ಲಿರುವ ವಾಕ್ಯಗಳು ಬೇಕು. ನೂರಿನ್ನೂರು ಸಾಲದು, ಲಕ್ಷಗಟ್ಟಲೆ ಬೇಕು. ಅದೂ ಕಂಪ್ಯೂಟರ್ ಓದುವ ರೂಪದಲ್ಲಿರಬೇಕು. ಪ್ರಪಂಚದಲ್ಲಿ ಅಂಥದ್ದು ಎಲ್ಲಿದೆ?

ಒಟ್ಟಾವಾದಲ್ಲಿತ್ತು. ಕೆನಡಾ ಸಂಸತ್ತಿನ ಕಲಾಪಗಳ ದಾಖಲೆಗೆ "ಹ್ಯಾನ್ಸರ್ಡ್" ಎಂದು ಹೆಸರು. ಸಂಸತ್ತಿನಲ್ಲಿ ಆಡಿದ ಪ್ರತಿಯೊಂದು ಮಾತೂ ಇಂಗ್ಲಿಷಿನಲ್ಲೊಮ್ಮೆ, ಫ್ರೆಂಚಿನಲ್ಲೊಮ್ಮೆ ಅಲ್ಲಿ ಅಚ್ಚಾಗುತ್ತದೆ. ಮರುದಿನ ಬೆಳಗ್ಗೆ ಎರಡೂ ಸಿದ್ಧವಿರಲೆಂದು ಅನುವಾದಕರು ರಾತ್ರಿ ಕುಳಿತು ಬರೆಯುತ್ತಾರೆ. ಗೋಧಿಯ ಬೆಲೆ, ಮೀನುಗಾರರ ಗೋಳು, ತೆರಿಗೆ, ಅಂಚೆ ಮುಷ್ಕರ ಎಲ್ಲದರ ಮೇಲಿನ ವಾದವಿವಾದ ಅಲ್ಲಿದೆ. ಯಾರೂ ಕಂಪ್ಯೂಟರಿಗೆ ಪಾಠ ಹೇಳಲೆಂದು ಅದನ್ನು ಬರೆದಿರಲಿಲ್ಲ. ಫ್ರೆಂಚ್ ಜನರಿಗೆ ತಮ್ಮ ಭಾಷೆಯಲ್ಲಿ ಓದುವ ಹಕ್ಕಿದೆ ಎಂಬ ಕಾನೂನು ಪಾಲಿಸಲು ಬರೆದದ್ದು.

ಮೊದಲ ಕೆಲಸ, ಯಾವ ಇಂಗ್ಲಿಷ್ ವಾಕ್ಯಕ್ಕೆ ಯಾವ ಫ್ರೆಂಚ್ ವಾಕ್ಯ ಜೋಡಿ ಎಂದು ಕಂಡುಹಿಡಿಯುವುದು. 1991ರಲ್ಲಿ ಐ.ಬಿ.ಎಂ.ನವರೂ ಬೆಲ್ ಲ್ಯಾಬ್ಸ್‌ನ ಗೇಲ್ ಮತ್ತು ಚರ್ಚ್ ಎಂಬುವರೂ ಸರಿಸುಮಾರು ಒಂದೇ ಉಪಾಯ ಪ್ರಕಟಿಸಿದರು. ಉದ್ದ ವಾಕ್ಯದ ಅನುವಾದ ಉದ್ದವಿರುತ್ತದೆ, ಗಿಡ್ಡ ವಾಕ್ಯದ್ದು ಗಿಡ್ಡವಿರುತ್ತದೆ. ಉದ್ದ ಅಳೆದು ಜೋಡಿಸುತ್ತಾ ಹೋದರೆ ಬಹುಪಾಲು ಸರಿಯಾಗಿ ಕೂಡಿಕೊಳ್ಳುತ್ತದೆ!

ಮುಂದಿನದು ಪದಗಳ ಜೋಡಣೆ. ಕನ್ನಡ ಬಾರದ ಹುಡುಗನೊಬ್ಬನಿಗೆ "ಹೊಸ ಮನೆ" ಎಂದರೆ "ನ್ಯೂ ಹೌಸ್", "ಹೊಸ ಅಂಗಿ" ಎಂದರೆ "ನ್ಯೂ ಶರ್ಟ್", "ಹಳೆ ಅಂಗಿ" ಎಂದರೆ "ಓಲ್ಡ್ ಶರ್ಟ್" ಎಂದು ಮೂರೇ ಜೋಡಿ ಕೊಡಿ. "ಹೊಸ" ಬಂದಲ್ಲೆಲ್ಲ "ನ್ಯೂ" ಬಂದಿದೆ, "ಅಂಗಿ" ಬಂದಲ್ಲೆಲ್ಲ "ಶರ್ಟ್" ಬಂದಿದೆ. ಉಳಿದವು ತಾವಾಗಿ ಬಿಡಿಸಿಕೊಳ್ಳುತ್ತವೆ. ಯಂತ್ರ ಇದನ್ನೇ ಲಕ್ಷಾಂತರ ವಾಕ್ಯಗಳ ಮೇಲೆ ಮಾಡಿತು. ಮೊದಲು ಎಲ್ಲ ಪದಕ್ಕೂ ಎಲ್ಲ ಪದ ಜೋಡಿಯಾಗಬಹುದೆಂದು ಊಹಿಸಿ, ಎಣಿಸಿ, ಊಹೆ ತಿದ್ದಿ, ಮತ್ತೆ ಎಣಿಸಿ, ಹೀಗೆ ಸುತ್ತು ಸುತ್ತಾಗಿ.

ಫಲಿತಾಂಶದಲ್ಲಿ ವಿನೋದವೂ ಇತ್ತು. ಇಂಗ್ಲಿಷಿನ "ಹಿಯರ್" ಎಂಬ ಪದಕ್ಕೆ, ಅಂದರೆ "ಕೇಳು" ಎಂಬುದಕ್ಕೆ, ಯಂತ್ರ ಕಂಡುಹಿಡಿದ ಫ್ರೆಂಚ್ ಪದ "ಬ್ರಾವೊ"! ಸಂಸತ್ತಿನಲ್ಲಿ ಸದಸ್ಯರು "ಹಿಯರ್, ಹಿಯರ್" ಎಂದು ಕೂಗಿದ್ದನ್ನು ಅನುವಾದಕರು "ಬ್ರಾವೊ" ಎಂದು ಬರೆದಿದ್ದರು. ಯಂತ್ರ ಅದನ್ನೇ ನಂಬಿತು. ಅದೇ ಯಂತ್ರ ಇಂಗ್ಲಿಷಿನ "ನಾಟ್" ಎಂಬ ಒಂದು ಪದಕ್ಕೆ ಫ್ರೆಂಚಿನಲ್ಲಿ "ನ" ಮತ್ತು "ಪಾ" ಎಂಬ ಎರಡು ಪದಗಳು ಬರುತ್ತವೆ ಎಂಬುದನ್ನು ಯಾರೂ ಹೇಳಿಕೊಡದೆ ಕಂಡುಕೊಂಡಿತು. ವ್ಯಾಕರಣದ ಒಂದು ನಿಯಮ ಎಣಿಕೆಯಿಂದಲೇ ಮೇಲೆದ್ದು ಬಂದಿತ್ತು. 1990ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 73 ಹೊಸ ವಾಕ್ಯಗಳಲ್ಲಿ ಅರ್ಧಕ್ಕಿಂತ ತುಸು ಕಡಿಮೆ ಮಾತ್ರ ಒಪ್ಪುವಂತೆ ಬಂದವು. 1993ರ ಹೊತ್ತಿಗೆ ಅವರ ಲೆಕ್ಕಕ್ಕೆ ಒಳಪಟ್ಟ ವಾಕ್ಯಜೋಡಿಗಳು 17 ಲಕ್ಷಕ್ಕೂ ಹೆಚ್ಚು. ಇಂಗ್ಲಿಷಿನ ಸುಮಾರು 42,000 ಮತ್ತು ಫ್ರೆಂಚಿನ ಸುಮಾರು 58,000 ಬೇರೆ ಬೇರೆ ಪದಗಳು ಅವುಗಳಲ್ಲಿದ್ದವು.

ಭಾಷಾವಿಜ್ಞಾನಿಗಳಿಗೆ ಇದು ಹಿಡಿಸಲಿಲ್ಲ. ಎಣಿಕೆ ಮಾಡುವುದೂ ಒಂದು ಶಾಸ್ತ್ರವೇ ಎಂದು ಮೂಗು ಮುರಿದರು. ಆದರೆ ದಾರಿ ತಿರುಗಿಯಾಗಿತ್ತು. ಯುರೋಪಿನ ಸಂಸತ್ತಿನ ಹನ್ನೊಂದು ಭಾಷೆಗಳ ಕಲಾಪಗಳನ್ನು ಫಿಲಿಪ್ ಕೋನ್ ಎಂಬ ವಿದ್ವಾಂಸರು ಜೋಡಿಸಿ ಎಲ್ಲರಿಗೂ ಉಚಿತವಾಗಿ ಕೊಟ್ಟರು. 2006ರಲ್ಲಿ ಗೂಗಲ್ ಕಂಪನಿ ಲೆಕ್ಕದ ದಾರಿಯ ಅನುವಾದವನ್ನು ಸಾರ್ವಜನಿಕರ ಮುಂದಿಟ್ಟಿತು. ಅದಕ್ಕೂ ವಿಶ್ವಸಂಸ್ಥೆಯಂಥ ಸಂಸ್ಥೆಗಳ ಬಹುಭಾಷಾ ದಾಖಲೆಗಳೇ ಆಹಾರವಾಗಿದ್ದವು. 2016ರಿಂದ ಅಲ್ಲಿಗೆ ನರಜಾಲ ಎಂಬ ಹೊಸ ವಿಧಾನ ಬಂತು. 2017ರಲ್ಲಿ ಗೂಗಲ್‌ನವರೇ ಪ್ರಕಟಿಸಿದ "ಟ್ರಾನ್ಸ್‌ಫಾರ್ಮರ್" ಎಂಬ ರಚನೆ ಅನುವಾದದ ಪ್ರಯೋಗಕ್ಕಾಗಿಯೇ ಹುಟ್ಟಿದ್ದು. 2022ರ ಕೊನೆಯಲ್ಲಿ ಬಂದು ಜಗತ್ತನ್ನು ಬೆರಗುಗೊಳಿಸಿದ ಚಾಟ್‌ಜಿಪಿಟಿ ಅದರ ಮೇಲೆಯೇ ನಿಂತಿದೆ. ಗಣಿತ ಬದಲಾಗಿದೆ, ಮೂಲ ಬದಲಾಗಿಲ್ಲ. ಜನ ಬರೆದಿಟ್ಟದ್ದರಿಂದಲೇ ಯಂತ್ರ ಕಲಿಯುತ್ತದೆ. ಬರೆದಿಡದ್ದು ಅದಕ್ಕೆ ತಿಳಿಯದು.

ಕನ್ನಡದ ಪಾಡೇನು?

ಇಲ್ಲಿ ನಮ್ಮಲ್ಲಿ ಆಗಾಗ ಕೇಳಿಬರುವ ಒಂದು ಮಾತನ್ನು ಪ್ರಸ್ತಾಪಿಸಬೇಕು. ಕಂಪ್ಯೂಟರಿಗೆ ಸಂಸ್ಕೃತವೇ ಅತ್ಯುತ್ತಮ ಭಾಷೆಯೆಂದು ನಾಸಾ ಹೇಳಿದೆಯಂತೆ ಎಂಬ ಮಾತು ಅದು. 1985ರಲ್ಲಿ ರಿಕ್ ಬ್ರಿಗ್ಸ್ ಎಂಬ ಸಂಶೋಧಕರು ಒಂದು ಪತ್ರಿಕೆಯಲ್ಲಿ ಬರೆದ ಲೇಖನ ಇದರ ಮೂಲ. ನಮ್ಮ ಶಾಸ್ತ್ರಕಾರರು ವಾಕ್ಯದ ಅರ್ಥವನ್ನು ಬಿಡಿಸುತ್ತಿದ್ದ ರೀತಿಗೂ ಕಂಪ್ಯೂಟರ್ ವಿಜ್ಞಾನಿಗಳ ಕ್ರಮಕ್ಕೂ ಹೋಲಿಕೆಯಿದೆ ಎಂಬುದು ಅದರ ಸಾರ. ಪಾಣಿನಿ ಸುಮಾರು 4,000 ಸೂತ್ರಗಳಲ್ಲಿ ಒಂದು ಭಾಷೆಯನ್ನೇ ಕಟ್ಟಿಕೊಟ್ಟದ್ದು ಮಹಾ ಸಾಧನೆ ಎಂಬುದರಲ್ಲಿ ಎರಡು ಮಾತಿಲ್ಲ. ಅದು ನಿಯಮದ ದಾರಿಯ ಶಿಖರ. ಆದರೆ ಆ ಹೆಮ್ಮೆಯೊಂದರಿಂದಲೇ ಯಂತ್ರಕ್ಕೆ ಕನ್ನಡ ಬರುವುದಿಲ್ಲ.

ಆ ಹೆಮ್ಮೆಯನ್ನು ಕೆಲಸಕ್ಕೆ ತಿರುಗಿಸಿದವರೂ ಇದ್ದಾರೆ. ಕಾನ್ಪುರದ ಐ.ಐ.ಟಿ.ಯಲ್ಲಿ ವಿನೀತ್ ಚೈತನ್ಯ, ರಾಜೀವ್ ಸಂಗಲ್ ಮತ್ತವರ ಸಂಗಡಿಗರು ಪಾಣಿನಿಯ ಕಾರಕಗಳ ಆಧಾರದಿಂದ "ಅನುಸಾರಕ" ಎಂಬ ಯಂತ್ರವನ್ನು ರೂಪಿಸಿದರು. ಕನ್ನಡದಿಂದ ಹಿಂದಿಗೆ ಅನುವಾದ ಅವರ ಮೊದಮೊದಲ ಪ್ರಯೋಗಗಳಲ್ಲೊಂದು. 1969ರಲ್ಲಿ ಸ್ಥಾಪನೆಯಾದ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 1990ರ ದಶಕದಲ್ಲಿ ದಕ್ಷಿಣದ ನಾಲ್ಕು ಭಾಷೆಗಳ ಬರಹಗಳನ್ನು ಕಂಪ್ಯೂಟರಿಗೆ ತುಂಬಿಸಿತು. ಒಂದೊಂದು ಭಾಷೆಗೆ ಸುಮಾರು 30 ಲಕ್ಷ ಪದಗಳು. ಅಷ್ಟೂ ಕೈಯಿಂದ ಬೆರಳಚ್ಚು ಮಾಡಬೇಕಾದ ಕಾಲವದು. ಆದರೆ ಅದೇ ದಶಕದಲ್ಲಿ ಐ.ಬಿ.ಎಂ. ಮುಂದೆ ಹದಿನೇಳು ಲಕ್ಷ ವಾಕ್ಯಗಳು, ಪದಗಳಲ್ಲ, ಅನುವಾದ ಸಹಿತ ಇದ್ದವೆಂಬುದನ್ನು ನೆನೆಯಿರಿ. ಓಟ ಎಲ್ಲಿಂದ ಶುರುವಾಯಿತೆಂದು ತಿಳಿಯುತ್ತದೆ.

ಕನ್ನಡಕ್ಕೆ ಇನ್ನೊಂದು ತೊಡಕೂ ಇದೆ. ಇಂಗ್ಲಿಷಿನಲ್ಲಿ "ಹೌಸ್" ಎಂಬ ಪದ ಹೆಚ್ಚೆಂದರೆ ಎರಡು ಮೂರು ರೂಪ ತಾಳುತ್ತದೆ. ನಮ್ಮ "ಮನೆ" ಮನೆಯ, ಮನೆಗೆ, ಮನೆಯಲ್ಲಿ, ಮನೆಯಿಂದ, ಮನೆಗಳಲ್ಲೂ, ಮನೆಯವರೊಂದಿಗೆ ಎಂದು ಬೆಳೆಯುತ್ತಲೇ ಹೋಗುತ್ತದೆ. "ಬರಲಾಗಲಿಲ್ಲವೆಂದು" ಎಂಬ ಒಂದು ಪದದಲ್ಲಿ ಇಂಗ್ಲಿಷಿನ ನಾಲ್ಕೈದು ಪದಗಳಿವೆ. ಪದ ಎಣಿಸುವ ಯಂತ್ರಕ್ಕೆ ಇವೆಲ್ಲ ಬೇರೆ ಬೇರೆ ಪದಗಳಾಗಿ ಕಾಣುತ್ತವೆ. ಒಂದೊಂದೂ ವಿರಳವಾಗುತ್ತದೆ. ಆದ್ದರಿಂದ ಇಂಗ್ಲಿಷಿಗೆ ಸಾಕಾದಷ್ಟು ಬರಹ ಕನ್ನಡಕ್ಕೆ ಸಾಲದು, ಇನ್ನೂ ಹೆಚ್ಚು ಬೇಕು. ಇದ್ದದ್ದು ಮಾತ್ರ ಕಡಿಮೆ.

ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ, ಬಂಗಾಳಿ, ಗುಜರಾತಿ, ತಮಿಳು, ತೆಲುಗುಗಳ ಜೊತೆಗೆ. ಆಗಿನ ಅನುವಾದ ನಗೆಪಾಟಲಾಗಿತ್ತು. 2017ರಲ್ಲಿ ನರಜಾಲ ಬಂದ ಮೇಲೆ ಸುಧಾರಿಸಿತು. 2021ರಲ್ಲಿ ಚೆನ್ನೈನ ಐ.ಐ.ಟಿ.ಯ "ಎಐ ಫಾರ್ ಭಾರತ್" ತಂಡದವರು "ಸಮಾನಾಂತರ" ಎಂಬ ಸಂಗ್ರಹ ಹೊರತಂದರು. ಹನ್ನೊಂದು ಭಾರತೀಯ ಭಾಷೆಗಳಿಗೆ ಇಂಗ್ಲಿಷಿನೊಡನೆ ಜೋಡಿಯಾದ ವಾಕ್ಯಗಳು ಅದರಲ್ಲಿವೆ. ಕನ್ನಡದ ಪಾಲು ಸುಮಾರು 40 ಲಕ್ಷ ಜೋಡಿ. ಅವು ಎಲ್ಲಿಂದ ಬಂದವು? ಸರ್ಕಾರಿ ಪ್ರಕಟಣೆಗಳು, ಪತ್ರಿಕೆಗಳು, ಭಾಷಣಗಳ ಅನುವಾದ ಮುಂತಾದವುಗಳಿಂದ. ಭಾರತದ ಸುಪ್ರೀಂ ಕೋರ್ಟ್ 2019ರಲ್ಲಿ ತನ್ನ ಕೆಲವು ತೀರ್ಪುಗಳನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಪ್ರಕಟಿಸತೊಡಗಿತು. ಅದೇ ವರ್ಷ ಯಂತ್ರದ ನೆರವನ್ನೂ ಪಡೆಯಿತು. ಒಟ್ಟಾವಾದಲ್ಲಿ ನಡೆದದ್ದೇ ತಡವಾಗಿ, ಚಿಕ್ಕದಾಗಿ ನಮ್ಮಲ್ಲೂ ನಡೆಯುತ್ತಿದೆ.

ಕೆನಡಾದ ಕಥೆ ಹೇಳುವುದು ಇದನ್ನೇ. ಫ್ರೆಂಚರು ತಮ್ಮ ಭಾಷೆಗಾಗಿ ಹಠ ಹಿಡಿದದ್ದು ಆಗ ಹಲವರಿಗೆ ದುಂದುವೆಚ್ಚವಾಗಿ ಕಂಡಿತ್ತು. ನೂರು ವರ್ಷಗಳ ಆ ದುಂದುವೆಚ್ಚ ಒಂದು ಶಾಸ್ತ್ರಕ್ಕೆ ಬಂಡವಾಳವಾಯಿತು. ಹೆಸರಿಲ್ಲದ ಅನುವಾದಕರ ರಾತ್ರಿಪಾಳಿಯೇ ಇಂದಿನ ಯಂತ್ರಗಳಿಗೆ ಮೊದಲ ಪಾಠ. ಕರ್ನಾಟಕದಲ್ಲಿ ಕನ್ನಡವನ್ನು ಆಡಳಿತ ಭಾಷೆಯಾಗಿ ಮಾಡಿದ ಕಾಯಿದೆ 1963ರಷ್ಟು ಹಳೆಯದು. ಕಚೇರಿಯಲ್ಲಿ, ನ್ಯಾಯಾಲಯದಲ್ಲಿ, ಬ್ಯಾಂಕಿನಲ್ಲಿ ಕನ್ನಡದಲ್ಲಿ ಬರೆಯಲೇಬೇಕು ಎಂಬುದು ಕೇವಲ ಅಭಿಮಾನದ ಮಾತೆಂದು ತಿಳಿಯುವವರು ಈ ಚರಿತ್ರೆಯನ್ನು ಓದಬೇಕು. ಅಲ್ಲಿ ಬರೆಯದ ಪ್ರತಿ ಪುಟವೂ ನಾಳಿನ ಯಂತ್ರಕ್ಕೆ ತಿಳಿಯದೆ ಹೋಗುವ ಕನ್ನಡ.

ನಮ್ಮ ಕೈಲಾದದ್ದು

ದೂರದಲ್ಲಿರುವ ನಾವೇನು ಮಾಡಬಹುದು? ಒಂದು ಚಿಕ್ಕ ಸೂಚನೆ. ನಮ್ಮ ಈ ಪತ್ರಿಕೆ ಝೆರಾಕ್ಸ್ ಪ್ರತಿಯಾಗಿ ನಿಮ್ಮ ಕೈ ಸೇರುತ್ತದೆ. ಹಳೆಯ ಸಂಚಿಕೆಗಳಲ್ಲಿ ಕೆಲವು ಕೈಬರಹದಲ್ಲಿವೆ, ಕೆಲವು ಹಳೆಯ ಫಾಂಟುಗಳಲ್ಲಿವೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ವೇಷ ತೊಡಿಸಿದಂಥವು. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಗೋಜಲು. 1991ರಲ್ಲೇ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ ತನ್ನದೇ ಸಂಕೇತಗಳು ದೊರೆತಿವೆ. ಹಳೆಯ ಸಂಚಿಕೆಗಳನ್ನು ಯೂನಿಕೋಡಿನಲ್ಲಿ ಮತ್ತೆ ಟೈಪು ಮಾಡಿ, ಬರೆದವರ ಒಪ್ಪಿಗೆ ಪಡೆದು, ಭದ್ರವಾಗಿ ಇಡುವ ಕೆಲಸವನ್ನು ರಜೆಯಲ್ಲಿ ಮಕ್ಕಳೂ ಹಿರಿಯರೂ ಸೇರಿ ಕೈಗೊಳ್ಳಬಹುದು. ಮಕ್ಕಳು ಟೈಪು ಮಾಡಲಿ, ಹಿರಿಯರು ತಿದ್ದಲಿ. ಇಂಗ್ಲಿಷ್ ಅನುವಾದವನ್ನೂ ಪಕ್ಕದಲ್ಲಿ ಬರೆದಿಟ್ಟರೆ ಅದೊಂದು ಪುಟ್ಟ ಹ್ಯಾನ್ಸರ್ಡ್ ಆದೀತು.

ಈ ಶಾಸ್ತ್ರವನ್ನು ಓದಹೊರಟಿರುವ ವಿದ್ಯಾರ್ಥಿಗಳಿಗೆ ಒಂದು ಕಿವಿಮಾತು. ಗಣಿತ, ಅಂದರೆ ಸಂಭವನೀಯತೆಯ ಲೆಕ್ಕ, ಚೆನ್ನಾಗಿ ಕಲಿಯಿರಿ. ಅದರ ಜೊತೆಗೆ ಅಜ್ಜಿಯ ಹತ್ತಿರ ಕುಳಿತು "ಬರಲಾಗಲಿಲ್ಲವೆಂದು" ಎಂಬುದನ್ನು ಬಿಡಿಸಲು ಕಲಿಯಿರಿ. ಬರು, ಅಲು, ಆಗು, ಇಲ್ಲ, ಎಂದು. ಫ್ರೆಂಚಿಗೂ ಇಂಗ್ಲಿಷಿಗೂ ದುಡಿಯುವ ವಿದ್ವಾಂಸರು ಸಾವಿರಾರು ಮಂದಿ ಇದ್ದಾರೆ. ಈ ಎರಡೂ ಬಲ್ಲ, ಕನ್ನಡವನ್ನೂ ಬಲ್ಲ ತರುಣರು ಬೆರಳೆಣಿಕೆಯಷ್ಟು. ಆಸಕ್ತಿಯುಳ್ಳವರು ಮುಂದಿನ ಸಭೆಯಲ್ಲಿ ಕಾರ್ಯದರ್ಶಿಗಳ ಬಳಿ ಹೆಸರು ಕೊಟ್ಟರೆ, ಹಳೆಯ ಸಂಚಿಕೆಗಳ ಕಟ್ಟನ್ನು ಬಿಚ್ಚುವ ಕೆಲಸ ಅಂದೇ ಶುರುವಾಗಬಹುದು.